ಮಲಗಿದ ಎತ್ತು

ನನ್ನ ತಮ್ಮ ಶಿವು ಪ್ರತಿ ಶನಿವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ಈಚೆಗೊಂದು ಶನಿವಾರ ತರೀಕೆರೆಯಿಂದ ಬಸ್ಸಿನಲ್ಲಿ ಬರುವಾಗ ಮೊಮ್ಮಗಳನ್ನೂ ಕರೆದುಕೊಂಡು ಬಂದಿದ್ದ. ಮೂರು ವರ್ಷದ ಹುಡುಗಿ, ಚಿನ್ನು. ಅವಳ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಕೆಂಪು, ಹಳದಿ, ಹಸಿರು ಹಿಟ್ಟಿನ ಮುದ್ದೆಗಳು. ಮಕ್ಕಳು ಬೊಂಬೆ ಮಾಡಲಿ ಎಂದು ಈಗ ಅಂಗಡಿಗಳಲ್ಲಿ ಮಾರುತ್ತಾರಲ್ಲ, ಆ ಹಿಟ್ಟು. ಮೂಸಿ ನೋಡಿದೆ. ಪೆಪ್ಪರಮೆಂಟಿನ ವಾಸನೆ. ಬೊಂಬೆಗೆ ಪೆಪ್ಪರಮೆಂಟಿನ ವಾಸನೆ ಯಾಕೋ ಎಂದು ಕೇಳಿದ್ದಕ್ಕೆ ಶಿವು ಹೇಳಿದ, "ನಂಗೇನ್ ಗೊತ್ತಕ್ಕ. ಅಂಗಡಿಯೋನು ಇದೇ ಒಳ್ಳೇದು ಅಂದ. ಒಳ್ಳೇದೇನಕ್ಕ ಇದು?"

ನೀವು ಗಮನಿಸಿದಿರೋ ಇಲ್ಲವೋ. ಅಜ್ಜನಾದ ಗಂಡಸು, ತಾನೇ ಕೊಂಡು ತಂದ ಸಾಮಾನು ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳುತ್ತಾನೆ. ಅಕ್ಕನೆಂದರೆ ಎಷ್ಟು ಗೌರವ ನೋಡಿ ಅನ್ನುತ್ತಾರೆ ನೆಂಟರು. ನಾನೂ ಇಷ್ಟು ವರ್ಷ ತಲೆಯಾಡಿಸಿಕೊಂಡು ಬಂದಿದ್ದೇನೆ. ಅದು ಗೌರವವಲ್ಲ. ಅದೇನು ಎಂದು ನನಗೊಬ್ಬಳಿಗೇ ಗೊತ್ತು. ಯಾಕೆಂದರೆ ಅದನ್ನು ಮಾಡಿದವಳು ನಾನೇ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಅಕ್ಷರ ಈಗಲೂ ಸಂತೆಯಿಂದ ಮನೆಗೆ ಹೊರಟ ಕುರಿಗಳ ಹಾಗೆ ಒಂದು ಮುಂದೆ ಒಂದು ಹಿಂದೆ. ಆದರೆ ಚಿಕ್ಕ ಮಕ್ಕಳ ಕೈಗೆ ಏನು ಕೊಟ್ಟರೆ ಅವು ಹಟ ಮರೆತು ಕೂರುತ್ತವೆ ಎನ್ನುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದನ್ನು ಕಲಿಯಲೆಂದೇ ಶಾಲೆ ಬಿಟ್ಟವಳು ನಾನು. ಅಂದರೆ, ಬಿಡಿಸಿದರು. ಶಿವು ಹುಟ್ಟಿದ. ಅಪ್ಪನಿಗೆ ತೆಂಗಿನಕಾಯಿ ವ್ಯಾಪಾರ, ವಾರದಲ್ಲಿ ಹೆಚ್ಚು ದಿನ ಕಡೂರಿನಲ್ಲೇ. ಅವ್ವನಿಗೆ ಅಜ್ಜಂಪುರದ ಆಚೆಗಿದ್ದ ನಮ್ಮ ಈರುಳ್ಳಿ ಹೊಲ. "ಮಗೀನ ನೋಡ್ಕೋ, ಮುಂದಿನ ವರ್ಸ ಹೋಗೀಯಂತೆ" ಅಂದಳು ಅವ್ವ. ಆ ಮುಂದಿನ ವರ್ಷ ಬರಲೇ ಇಲ್ಲ. ಶಾಲೆಗೆ ಹೋಗುವ ಹುಡುಗಿಯರು ನಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದರು, ಆ ಹೊತ್ತಿಗೆ ನಾನು ಒಳಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಆದ್ದರಿಂದ ಶಿವು ನಡೆಯುವಂತಾದ ಮೇಲೆ ನಮ್ಮ ಪಡಸಾಲೆಯೇ ಶಾಲೆಯಾಯಿತು. ಜೋಳದ ದಂಟು ಸೀಳಿ, ಸಿಪ್ಪೆಯಿಂದ ಕಡ್ಡಿ, ಒಳಗಿನ ಬೆಂಡಿನಿಂದ ಗಾಲಿ ಮಾಡಿ ಗಾಡಿ ಕಟ್ಟುವುದು. ಅದೇ ದಂಟಿನಿಂದ ಕನ್ನಡಕ. ತೆಂಗಿನ ಗರಿಯಿಂದ ಕೈಗಡಿಯಾರ, ಪೀಪಿ, ಹಾವು, ಗಿಳಿ. ಒಡೆದ ಬಳೆಚೂರುಗಳನ್ನು ನೆಲದ ಮೇಲೆ ಜೋಡಿಸಿ ಹೂವು ಮಾಡಿಸುತ್ತಿದ್ದೆ; ಚೂರು ಬಾಯಿಗೆ ಹಾಕಿಕೊಳ್ಳುವ ವಯಸ್ಸಾದ್ದರಿಂದ ಒಂದು ಕಣ್ಣು ಹೂವಿನ ಮೇಲೆ, ಒಂದು ಕಣ್ಣು ಬಾಯಿಯ ಮೇಲೆ. ಈ ಕಾಲದ ತಾಯಂದಿರಿಗೆ ನಾನು ಹೇಳುವುದು ಇಷ್ಟೇ: ಬಳೆಚೂರು ಬೇಡ, ಹುಣಿಸೆಬೀಜವೂ ಬೇಡ, ಮೂಗಿಗೆ ಸೇರಿಸಿಕೊಳ್ಳುತ್ತವೆ. ಬೆಂಡೆಕಾಯಿ ಕೊಡಿ. ಬಲಿತ ಬೆಂಡೆಕಾಯಿಯನ್ನು ಅಡ್ಡ ಕೊಯ್ದು, ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ಒತ್ತಿದರೆ ಐದು ಎಸಳಿನ ಹೂವು ಬರುತ್ತದೆ. ಎಂಥ ಚಂಡಿ ಮಗುವಾದರೂ ಅರ್ಧ ದಿನ ಸದ್ದಿಲ್ಲದೆ ಕೂರುತ್ತದೆ.

ಎಲ್ಲಿ ಒತ್ತಬೇಕು ಎಂದು ಮಾತ್ರ ಮೊದಲೇ ಹೇಳಿರಬೇಕು. ನಾನು ಹೇಳಿರಲಿಲ್ಲ. ಅಪ್ಪ ಕಡೂರಿಗೆ ಹೊರಡಲು ಮಡಿಸಿಟ್ಟಿದ್ದ ಬಿಳಿ ಪಂಚೆಯ ತುಂಬ ಶಿವು ನೀಲಿ ಹೂವು ಒತ್ತಿಬಿಟ್ಟ. ನಾನು ಹೊಡೆತಕ್ಕೆ ಬೆನ್ನು ಬಗ್ಗಿಸಿಕೊಂಡೇ ನಿಂತಿದ್ದೆ. ಅಪ್ಪ ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿ, "ಲೇ, ಇದನ್ನುಟ್ಕೊಂಡು ಮಂಡಿಗೆ ಹೋದ್ರೆ, ಏನಪ್ಪಾ ಕಾಯಿ ಬಿಟ್ಟು ಬೆಂಡೆಕಾಯಿಗೆ ಇಳಿದ್ಬಿಟ್ಟೆ ಅಂತಾರೆ ಕಣ್ರೋ" ಎಂದ. ಅಷ್ಟೇ. ಆಮೇಲೆ ಅವ್ವನ ಕಡೆ ತಿರುಗಿ, "ಮಗಳು ಚೆನ್ನಾಗಿ ಕಲಿಸ್ತಾಳೆ ಕಣೇ" ಎಂದ.

ಆ ಮಾತು ನನ್ನನ್ನು ಕೆಡಿಸಿತು. ಶಾಲೆಯಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಅಂದಿನಿಂದ ಶಿವು ಮಾಡಿದ ಪ್ರತಿಯೊಂದು ವಸ್ತುವೂ ನನ್ನ ಪರೀಕ್ಷೆಯಾಯಿತು. ಅವನು ಕಟ್ಟಿದ ಗಾಡಿ ಸೊಟ್ಟಗಿದ್ದರೆ ನನ್ನ ಮಾರ್ಕು ಹೋದ ಹಾಗೆ. ಅವನು ಅತ್ತ ಹೋದ ಕೂಡಲೆ ಗಾಲಿಯನ್ನು ಒಂದಿಷ್ಟು ನೆಟ್ಟಗೆ ಮಾಡುವುದು, ಗಿಳಿಯ ಕೊಕ್ಕನ್ನು ಚೂಪು ಮಾಡುವುದು. ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿರಲಿಲ್ಲ ಎಂದು ನಾನು ತಿಳಿದುಕೊಂಡಿದ್ದೆ.

ಅವ್ವನ ತವರು ದಾವಣಗೆರೆಯ ಕಡೆ. ಅಲ್ಲಿಯವರಿಗೆ ಮಣ್ಣೆತ್ತಿನ ಅಮಾವಾಸ್ಯೆ ದೊಡ್ಡದು: ಮುಂಗಾರಿನಲ್ಲಿ ಎರೆಮಣ್ಣಿನಿಂದ ಒಂದು ಜೊತೆ ಎತ್ತು ಮಾಡಿ, ಹಲಗೆಯ ಮೇಲಿಟ್ಟು ಪೂಜೆ ಮಾಡಿ, ಮರುದಿನ ನೀರಿಗೆ ಬಿಡುವುದು. ನಮ್ಮ ಬೀದಿಯಲ್ಲಿ ಅದು ನಮ್ಮ ಮನೆಯಲ್ಲಿ ಮಾತ್ರ. ಅದಕ್ಕೇ ನೋಡಲು ಅಕ್ಕಪಕ್ಕದವರು ಬರುತ್ತಿದ್ದರು. ಶಿವುಗೆ ನಾಲ್ಕು ತುಂಬಿದ ವರ್ಷ ಅವ್ವ ಹೇಳಿದಳು, "ಈ ಸಲ ಎತ್ತು ಮಗನೇ ಮಾಡ್ಲಿ. ನೀನು ಮಣ್ಣು ಕಲಸಿಕೊಟ್ಟು ಸುಮ್ನೆ ಕೂತ್ಕೋ."

ಮಣ್ಣು ಕಲಸಿಕೊಟ್ಟೆ. ಸುಮ್ಮನೆ ಕೂರುವುದು ಮಾತ್ರ ನನ್ನ ಕೈಲಿ ಆಗದ ಕೆಲಸ.

ಅವನು ಬೆಳಗ್ಗೆಯಿಂದ ಜಗಲಿಯ ಮೂಲೆಯಲ್ಲಿ, ನನಗೆ ಬೆನ್ನು ತಿರುಗಿಸಿಕೊಂಡು ಮಾಡಿದ. ಮಧ್ಯಾಹ್ನ ಉಂಡು ಮಲಗಿದ ಮೇಲೆ ಹೋಗಿ ನೋಡಿದೆ. ಒಂದು ಎತ್ತು ನಿಂತಿತ್ತು. ನಮ್ಮ ಸೀಮೆಯ ಅಮೃತ ಮಹಲ್ ತಳಿಯ ಎತ್ತುಗಳಿಗೆ ಕೊಂಬು ಬೆನ್ನಿನ ಕಡೆಗೆ ಉದ್ದಕ್ಕೆ ಬಾಗಿರುತ್ತದಲ್ಲ, ಇವನ ಎತ್ತಿನ ಕೊಂಬು ಬಾಲದವರೆಗೂ ಹೋಗಿತ್ತು. ಅದು ಹಾಗಿರಲಿ. ಇನ್ನೊಂದು ಎತ್ತು ಮಲಗಿತ್ತು. ಕಾಲೇ ಇಲ್ಲ, ಹೊಟ್ಟೆ ನೆಲಕ್ಕೆ ಅಂಟಿತ್ತು. ಆ ಹೊಟ್ಟೆಗೆ ಒತ್ತಿಕೊಂಡ ಹಾಗೆ ಹೆಬ್ಬೆರಳಿನಷ್ಟು ಮಣ್ಣಿನ ಮುದ್ದೆ, ಉಳಿದದ್ದನ್ನು ಅಲ್ಲಿಗೇ ಮೆತ್ತಿದ ಹಾಗೆ.

ಪೂಜೆಗೆ ಮಲಗಿದ ಎತ್ತೇ? ಮಲಗಿದ ಎತ್ತೆಂದರೆ ಕಾಯಿಲೆಯ ಎತ್ತು. ಸಾಯಂಕಾಲ ಬೀದಿಯವರೆಲ್ಲ ಬಂದು, ಇದೇನಮ್ಮ ನಿನ್ನ ತಮ್ಮನ ಎತ್ತು ಏಳೋದಿಲ್ಲವಾ ಎಂದು ನಗುವುದು ನನಗೆ ಆಗಲೇ ಕೇಳಿಸಿತು. ಮಣ್ಣು ಇನ್ನೂ ಹಸಿ ಇತ್ತು. ಹೊಟ್ಟೆಯ ಬಳಿಯ ಮಣ್ಣನ್ನು ಕಿತ್ತು ಅಂಗಳಕ್ಕೆ ಎಸೆದು, ಆ ಎತ್ತನ್ನು ಮುದ್ದೆ ಮಾಡಿದೆ. ಕಾಲು ಬರಿಸಿ, ಬೆನ್ನು ತಿದ್ದಿ ನಿಲ್ಲಿಸಿದೆ. ಮೊದಲಿನದರ ಕೊಂಬನ್ನೂ ಒಪ್ಪ ಮಾಡಿದೆ. ಜೋಡಿ ಎಷ್ಟು ಚೆನ್ನಾಗಿ ಬಂತೆಂದರೆ, ಈಗಲೂ ನನಗೆ ಆ ವಿಷಯದಲ್ಲಿ ಸುಳ್ಳು ಹೇಳಲು ಬರುವುದಿಲ್ಲ, ಬಹಳ ಚೆನ್ನಾಗಿ ಬಂತು.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ನಿಂಗಮ್ಮತ್ತೆ ಬಂದಳು. "ಅಯ್ ಶಿವಾ, ಎಂಥ ಎತ್ತು ಮಾಡಿದೀಯಲ್ಲೋ ಮಗಾ. ನಮ್ಮ ಕೊಟ್ಟಿಗೇಲಿ ಇರೋವು ಇದರ ಅರ್ಧಕ್ಕೂ ಇಲ್ಲ" ಎಂದಳು. ಅಪ್ಪನೂ ಅಂದು ಮನೆಯಲ್ಲಿದ್ದ. ಮಗನನ್ನು ಎತ್ತಿ ಹಲಗೆಯ ಮುಂದೆ ನಿಲ್ಲಿಸಿದ. ಶಿವು ನೋಡಿದ. ಬಗ್ಗಿ, ಆ ಕಡೆಯಿಂದಲೂ ಈ ಕಡೆಯಿಂದಲೂ ನೋಡಿದ. ಆಮೇಲೆ ಕೇಳಿದ, "ನಾನೆಲ್ಲಿ?"

ಎಲ್ಲರೂ ನಕ್ಕರು. "ಇಲ್ಲೇ ಇದೀಯಲ್ಲೋ, ಅಪ್ಪನ ಮುಂದೆ" ಎಂದಳು ನಿಂಗಮ್ಮತ್ತೆ.

"ಅಲ್ಲ. ಕೆಂದನ ತಾವ ನಾನಿದ್ದೆ. ಎಲ್ಲಿ?"

ಕೆಂದ ನಮ್ಮ ಗಾಡಿಯ ಎತ್ತು. ಸಂಜೆ ಹೊತ್ತು ಅದು ಕೊಟ್ಟಿಗೆಯ ಮುಂದೆ ಮೆಲುಕು ಹಾಕುತ್ತ ಮಲಗಿದರೆ ಶಿವು ಹೋಗಿ ಅದರ ಹೊಟ್ಟೆಗೆ ಒರಗಿ ನಿದ್ದೆ ಹೋಗುತ್ತಿದ್ದ. ಅವನು ಏಳುವ ತನಕ ಆ ಎತ್ತು ಬಾಲವನ್ನೂ ಜೋರಾಗಿ ಬೀಸುತ್ತಿರಲಿಲ್ಲ. ನಾನು ಅಂಗಳಕ್ಕೆ ಎಸೆದದ್ದು ಏನು ಎಂದು ನನಗೆ ಆ ಕ್ಷಣ ಗೊತ್ತಾಯಿತು.

ಅಲ್ಲಿಗಾದರೂ ಹೇಳಬಹುದಿತ್ತು. ತಪ್ಪು ಅಂಥ ದೊಡ್ಡದೇನಲ್ಲ. ಹಸಿ ಮಣ್ಣು, ಮತ್ತೆ ಮಾಡಿದರಾಗುತ್ತಿತ್ತು. ಆದರೆ ಅಪ್ಪ ನನ್ನ ಕಡೆ ನೋಡಿ ಮೀಸೆಯೊಳಗೆ ನಗುತ್ತಿದ್ದ. ಆ ನಗು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. "ಇದೇ ಕಣೋ ನೀನು ಮಾಡಿದ್ದು" ಎಂದೆ.

"ಅಲ್ಲ, ಕೆಂದ ಮಲಗಿತ್ತು."

"ನಿಂಗೆ ನಿದ್ದೆಗಣ್ಣು. ನಾನೇ ನೋಡಿಲ್ವಾ, ಎರಡೂ ನಿಂತಿದ್ವು. ನೀನೇ ಮಾಡಿದ್ದು, ನಿಂಗೇ ಮರೆತ್ಹೋಯ್ತಾ?"

ಅವನು ಅಳಲಿಲ್ಲ. ಅತ್ತಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ. ಎತ್ತುಗಳನ್ನು ನೋಡಿದ, ತನ್ನ ಕೈ ನೋಡಿಕೊಂಡ, ನನ್ನ ಮುಖ ನೋಡಿದ. "ಹೌದಾ ಅಕ್ಕ?" ಎಂದ. ಹೌದು ಎಂದೆ. ನಂಬಿದ. ನಾಲ್ಕು ವರ್ಷದ ಮಗು ತನ್ನ ಕೈಯನ್ನು ಬಿಟ್ಟು ನನ್ನ ಮಾತನ್ನು ನಂಬಿತು. ಮರುದಿನ ಎತ್ತುಗಳನ್ನು ಕೆರೆಗೆ ಬಿಟ್ಟೆವು, ಕರಗಿಹೋದವು.

ಆ ಮೇಲೆ ಅವನು ಏನನ್ನೂ ಒಬ್ಬನೇ ಮಾಡಿ ಮುಗಿಸಿದ್ದು ನಾನು ಕಂಡಿಲ್ಲ. ದಂಟು ಕೊಟ್ಟರೆ ಅರ್ಧ ಕಟ್ಟಿ ನನ್ನ ಮಡಿಲಿಗೆ ಹಾಕುವನು: "ನೀನೇ ಸರಿ ಮಾಡು." ಶಾಲೆಗೆ ಸೇರಿದ ಮೇಲೆ ಮೇಷ್ಟರು ಮಾವಿನಹಣ್ಣು ಬರೆಯಲು ಹೇಳಿದರೆ ಸ್ಲೇಟು ಖಾಲಿ ಇಟ್ಟುಕೊಂಡು ಕೂತನಂತೆ. ಯಾಕೋ ಎಂದರೆ, "ಅಕ್ಕ ಇಲ್ವಲ್ಲ ಸಾ" ಎಂದನಂತೆ. ಇದನ್ನು ಅವ್ವ ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು, ನಾನೂ ನಗುತ್ತಿದ್ದೆ. ನಾನು ಮದುವೆಯಾಗಿ ಇದೇ ಅಜ್ಜಂಪುರದ ಇನ್ನೊಂದು ಬೀದಿಗೆ ಬಂದಾಗ ಅವನು ದೊಡ್ಡ ಹುಡುಗ. ಆದರೂ ಅಂಗಿಗೆ ಬಟ್ಟೆ ಆರಿಸಲು ನನ್ನನ್ನು ಕರೆಯಲು ಬರುತ್ತಿದ್ದ. ವರ್ಷಗಳ ಮೇಲೆ ಪಂಚನಹಳ್ಳಿಗೆ ಅವನಿಗೆ ಹೆಣ್ಣು ನೋಡಲು ಹೋದೆವು. ಉಪ್ಪಿಟ್ಟು ತಿಂದು ಹೊರಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ, "ಅಕ್ಕ, ಹುಡುಗಿ ನಂಗೆ ಇಷ್ಟ ಆದ್ಲಾ?"

ಇಷ್ಟವಾದಳು ಎಂದೆ. ಅದೃಷ್ಟಕ್ಕೆ ಒಳ್ಳೆಯ ಹುಡುಗಿ, ಚೆನ್ನಾಗಿ ಬಾಳುತ್ತಿದ್ದಾರೆ. ತರೀಕೆರೆಯಲ್ಲಿ ಅವನದೊಂದು ಬಟ್ಟೆ ಅಂಗಡಿ ಇದೆ. ಬಾಗಿಲು ಯಾವ ದಿಕ್ಕಿಗೆ ಎಂದು ಹೇಳಿದವಳೂ ನಾನೇ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಚಿನ್ನು ನೆಲದ ಮೇಲೆ ಕೂತು ಹಸಿರು ಹಿಟ್ಟಿನಲ್ಲಿ ಒಂದು ನಾಯಿ ಮಾಡಿದಳು. ತಲೆ ಹೊಟ್ಟೆಗಿಂತ ದೊಡ್ಡದು, ಮುಗ್ಗರಿಸಿ ಬಿದ್ದಿತ್ತು. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಅದರ ಕತ್ತಿನ ಕಡೆಗೆ ಹೋಯಿತು. "ಮುಟ್ಬೇಡ ಅಜ್ಜಿ, ನಂದು" ಎಂದಳು, ತಲೆಯನ್ನೂ ಎತ್ತದೆ. ಶಿವು ಅವಳನ್ನು ಗದರಿದ, "ಹೇಯ್, ಅಜ್ಜಿ ಸರಿ ಮಾಡ್ಕೊಡ್ತಾರೆ, ಕೊಡು."

ನಾನು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಎತ್ತು, ಹೊಟ್ಟೆಗೆ ಒರಗಿದ್ದ ಮುದ್ದೆ, ನಾನು ಹೇಳಿದ ಸುಳ್ಳು. ಅವನಿಗೆ ಒಂದೂ ನೆನಪಿರಲಿಲ್ಲ. ನನ್ನ ಮುಖ ನೋಡಿ ಕೇಳಿದ, "ಅದ್ಕೆ ಈಗ ನಂಗೆ ಸಿಟ್ಟು ಬರ್ಬೇಕೇನಕ್ಕ?"

ಬ್ಯಾಡ ಬಿಡೋ, ಹಳೇದು, ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವನಿಗೆ ಸಿಟ್ಟು ಬರುತ್ತಲೇ ಇರಲಿಲ್ಲ, ಇಬ್ಬರೂ ಒಳಗೆ ಹೋಗಿ ಊಟಕ್ಕೆ ಕೂರುತ್ತಿದ್ದೆವು. "ಅದನ್ನ ನನ್ನ ಕೇಳ್ಬೇಡ ಶಿವು" ಎಂದೆ.

ಅವನು ಎದ್ದ. ಮುಖ ತೊಳೆದುಕೊಂಡ. ಒಳಗೆ ಹೋಗಿ ಮೊಮ್ಮಗಳಿಗೆ ಚಪ್ಪಲಿ ಹಾಕಿದ. ಎಲೆ ಹಾಕಿದ್ದೇನೆ ಎಂದರೂ, "ಬ್ಯಾಡ" ಎಂದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಬರಲಾ ಅಕ್ಕ ಎಂದೂ ಕೇಳದೆ ಬೀದಿಗಿಳಿದು ನಡೆದುಬಿಟ್ಟ.

ಆಮೇಲಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನಿನ್ನೆ ಅವನ ಹೆಂಡತಿ ಫೋನು ಮಾಡಿದ್ದಳು. "ಏನಾಯ್ತು ಅತ್ತಿಗೆ? ನಿಮ್ಮ ತಮ್ಮ ನಿಮ್ಮ ಹೆಸರೆತ್ತಿದ್ರೆ ಎದ್ದು ಹೋಗ್ತಾರೆ. ನೀವೊಂದು ಮಾತು ಹೇಳಿ, ನೀವು ಹೇಳಿದ್ರೆ ಕೇಳ್ತಾರೆ."

ಹೌದು, ನಾನು ಹೇಳಿದರೆ ಕೇಳುತ್ತಾನೆ. ಅದಕ್ಕೇ ಹೇಳುವುದಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮನೆ ಬಣಗುಟ್ಟುತ್ತದೆ, ಶನಿವಾರದ ಅನ್ನ ಮಿಕ್ಕುತ್ತದೆ, ಅವನು ಇನ್ನು ಬಾರದೆಯೂ ಇರಬಹುದು. ಆದರೆ ಆ ಸಿಟ್ಟನ್ನು ಅವನು ಯಾರನ್ನೂ ಕೇಳದೆ ಒಬ್ಬನೇ ಮಾಡಿಕೊಂಡಿದ್ದಾನೆ. ಅದು ಎಷ್ಟು ದೊಡ್ಡದೋ, ಎಷ್ಟು ಸೊಟ್ಟದ್ದೋ, ಎಷ್ಟು ದಿನದ್ದೋ ನನಗೆ ತಿಳಿಯದು. ನಾನು ಕೈ ಹಾಕುವುದಿಲ್ಲ.