ಛತ್ರಿ ಎತ್ತಿದ ಅಜ್ಜಿ

ಆಯಿ, ಎಂದರೆ ನನ್ನ ಅಮ್ಮ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆದ ಮೇಲೆ ತನ್ನ ಹಳ್ಳಿ ಹೆಗ್ಗರಣೆಯಿಂದ ಶಿರಸಿಯ ನಮ್ಮ ಮನೆಗೆ ಬಂದವಳು ನಡೆಯುವುದನ್ನೇ ಬಿಟ್ಟಳು. ಮೂಳೆ ಕೂಡಿದೆ, ದಿನಾ ನಾಲ್ಕು ಹೆಜ್ಜೆ ಹಾಕದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅವಳದ್ದು ಒಂದೇ ಮಾತು: “ಮತ್ತೆ ಬಿದ್ರೆ ಎಂತ ಮಾಡದು? ಆನಂತೂ ಏಳ್ತ್ನಿಲ್ಲೆ.” ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಕೂಗಾಡಿದೆ, ಅತ್ತುಬಿಟ್ಟೆ, ಕಾಲು ಹಿಡಿದೆ. ಜಪ್ಪಯ್ಯ ಅಂದರೂ ಏಳಲಿಲ್ಲ.

ಒಂದು ಮಧ್ಯಾಹ್ನ ಸೊಂಟದ ವ್ಯಾಯಾಮದ ವಿಡಿಯೋ ಹಾಕಿ, ಮೊಬೈಲನ್ನು ಅವಳೆದುರು ಇಟ್ಟು ಒಗ್ಗರಣೆ ಹಾಕಲು ಹೋದೆ. ಬಂದು ನೋಡಿದರೆ ವ್ಯಾಯಾಮ ಮುಗಿದು ಅದರಷ್ಟಕ್ಕೇ ಇನ್ನೇನೋ ಶುರುವಾಗಿತ್ತು. ಕಪ್ಪು-ಬಿಳುಪು ಚಿತ್ರ. ಇಂಗ್ಲೆಂಡಿನ ಯಾವುದೋ ಊರಿನ ಸಭಾಭವನ, ಹಗ್ಗ ಕಟ್ಟಿದ ಕಣದಲ್ಲಿ ಚಡ್ಡಿ ತೊಟ್ಟ ಇಬ್ಬರು ದಡಿಯರ ಕುಸ್ತಿ, ಮುಂದಿನ ಸಾಲಲ್ಲಿ ಕೋಟು ಹಾಕಿದ ಮುದುಕಿಯರು. ಮೋಸ ಮಾಡಿದ ದಡಿಯ ಹತ್ತಿರ ಬಂದದ್ದೇ ತಡ, ಒಬ್ಬ ಅಜ್ಜಿ ಎದ್ದು ಛತ್ರಿಯಿಂದ ಬಾರಿಸಿಯೇ ಬಿಟ್ಟಳು. “ನನ್ನ ಪ್ರಾಯವೇ ಅಲ್ದನೇ ಅದು!” ಎಂದಳು ಆಯಿ.

ಆಮೇಲೆ ದಿನಾ ಅದೇ. ಜೀವಮಾನವೆಲ್ಲ ದೇವರಿಗೆ ಹೂ ಕಟ್ಟಿಕೊಂಡಿದ್ದ ಹೆಂಗಸಿಗೆ ಕುಸ್ತಿಯ ಹುಚ್ಚು! ನನಗೆ ತಲೆಬುಡ ತಿಳಿಯಲಿಲ್ಲ. ಒಂದು ದಿನ ಗಂಟೆ ಬಾರಿಸಿ ಸುತ್ತು ಮುಗಿದ ಮೇಲೂ ಆ ಮೋಸದ ದಡಿಯ ಎದುರಾಳಿಗೆ ಹಿಂದಿನಿಂದ ಒದ್ದ. “ಥೂ ಲೋಫರ್! ಹಿಂದಿಂದ ಒದಿತ್ಯ?” ಆಯಿ ಎದ್ದು ನಿಂತಿದ್ದಳು. ಏನನ್ನೂ ಹಿಡಿದುಕೊಂಡಿರಲಿಲ್ಲ. ತಾನು ನಿಂತಿದ್ದೇನೆಂದು ನಾನು ಅಯ್ಯೋ ಎಂದ ಮೇಲೆಯೇ ಅವಳಿಗೆ ಗೊತ್ತಾಗಿದ್ದು, ಕುಸಿದು ಕೂತಳು.

ಅಲ್ಲಿಗೆ ಸುಮ್ಮನಿರಬೇಕಿತ್ತು. ನನ್ನ ಬಾಯಿ ಎಲ್ಲಿ ಕೇಳುತ್ತದೆ? ಅಲ್ಲಿ ಇಲ್ಲಿ ಓದಿದ್ದನ್ನೆಲ್ಲ ಹೇಳಿಬಿಟ್ಟೆ. ಇಂಗ್ಲೆಂಡಿನಲ್ಲಿ ಹಿಂದೆ ಶನಿವಾರ ಮಧ್ಯಾಹ್ನ ಮನೆಮಂದಿಯೆಲ್ಲ ಟೀವಿಯಲ್ಲಿ ಈ ಕುಸ್ತಿ ನೋಡುತ್ತಿದ್ದರಂತೆ, ಕೊನೆಗೆ ಟೀವಿಯವರೇ ಕೈಬಿಟ್ಟರಂತೆ, ಜನ ಅಮೆರಿಕದ ಅಬ್ಬರದ ಕುಸ್ತಿಗೆ ವಾಲಿದರಂತೆ, ಈಗ ಸಣ್ಣಪುಟ್ಟ ಸಭಾಭವನಗಳಲ್ಲಿ ಮತ್ತೆ ಚಿಗುರಿದೆಯಂತೆ. “ಯಾರು ಗೆಲ್ಲವು, ಯಾರು ಸೋಲವು ಹೇಳಿ ಮೊದ್ಲೇ ಮಾತಾಡ್ಕಂಡಿರ್ತ್ವಡ ಆಯಿ. ಎಲ್ಲಾ ನಾಟಕ.”

ಮರುದಿನ ಆಯಿ ಮೊಬೈಲ್ ಬೇಡವೆಂದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೂರು ದಿನ ಹಾಗೇ. ನನ್ನ ನಾಲಗೆಗೆ ಬೆಂಕಿ ಹಾಕ! ಎದ್ದು ನಿಂತವಳನ್ನು ಕೈಯಾರೆ ಮಲಗಿಸಿದ್ದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ನಾಲ್ಕನೆಯ ದಿನ ಅವಳೇ ಕೇಳಿದಳು. “ಆ ಛತ್ರಿ ಅಜ್ಜಿಗೆ ನಾಟಕ ಹೇಳಿ ಗೊತ್ತಿತ್ತನೇ?”

“ಗೊತ್ತಿದ್ದಿಕ್ಕು. ನಂಗೆಂತ ಗೊತ್ತು?”

“ಗೊತ್ತಿದ್ರೂ ಎದ್ದು ಹೊಡತ್ತಾ?”

ಆಯಿ ಗೋಡೆಯ ಕಡೆಯಿಂದ ಇತ್ತ ತಿರುಗಿದಳು. “ಮೊಬೈಲ್ ಕೊಡು” ಎಂದಳು.

ಅದೇ ಹಳೆಯ ಕುಸ್ತಿ ಹಾಕಿದೆ. ದಡಿಯ ಒದೆಯುತ್ತಾನೆಂದು ಇಬ್ಬರಿಗೂ ಗೊತ್ತು. ಅವನು ಒದ್ದ. ಆಯಿ ಮೊದಲು ನನ್ನ ಮುಖ ನೋಡಿದಳು, ಆಮೇಲೆ ತನ್ನ ಕಾಲು ನೋಡಿಕೊಂಡಳು, ಆಮೇಲೆ “ಲೋಫರ್!” ಎನ್ನುತ್ತ ಎದ್ದಳು. ಈ ಸಿಟ್ಟು ನಿಜವೋ ನಾಟಕವೋ? ಗೊಂದಲವಾಯಿತು. ಆದರೂ “ಬಿಡಡ ಆಯಿ ಅವ್ನ, ಹೊಡಿ!” ಎಂದು ಕೂಗಿದೆ. ನನ್ನ ಕೂಗು ಎರಡರಲ್ಲಿ ಯಾವುದು ಎಂದರೆ ಅದೂ ಗೊತ್ತಿಲ್ಲ.

ಆವತ್ತಿನಿಂದ ಮೊಬೈಲನ್ನು ದಿನಾ ಒಂದೊಂದು ಹೆಜ್ಜೆ ದೂರ ಇಡುತ್ತಿದ್ದೇನೆ. ದಡಿಯನಿಗೆ ಬೈಯಲು ಆಯಿ ವಾಕರ್ ದೂಡಿಕೊಂಡು ಅಲ್ಲಿಯವರೆಗೆ ಬರುತ್ತಾಳೆ. ಯಾಕೆ ದೂರ ಇಟ್ಟೆ ಎಂದು ಅವಳು ಕೇಳಿಲ್ಲ, ನಾನೂ ಹೇಳಿಲ್ಲ. ನಿನ್ನೆ ಅಡುಗೆಮನೆಯ ಹೊಸಿಲವರೆಗೆ ಬಂದು, ಏದುಸಿರು ಬಿಡುತ್ತ ಹೇಳಿದಳು:

“ಇಲ್ಲಿ ಬಿಸ್ಲು ಹೊಡದು ಎಂತದೂ ಕಾಣ್ತಿಲ್ಲೆ. ನಾಳೆ ಜಗಲಿಲಿ ಇಡು.”

ನಮ್ಮ ಅಡುಗೆಮನೆಗೆ ಬಿಸಿಲು ಬೀಳುವುದೇ ಇಲ್ಲ.