ಗಿರಿಜಕ್ಕನ ಹಾಡಿನ ಕೂಟ

ಜನರನ್ನು ಎಬ್ಬಿಸಿ ಹೊರಗೆ ಕಳಿಸುವಾಗಲೂ ಗಿರಿಜಕ್ಕನ ದನಿ ಊಟಕ್ಕೆ ಕರೆದಷ್ಟೇ ಮೆತ್ತಗಿರುತ್ತಿತ್ತು. ಲಕ್ಷ್ಮೇಶ್ವರದಲ್ಲಿ ಅಮಾವಾಸ್ಯೆಯ ಮಧ್ಯಾಹ್ನ ಹೆಂಗಸರು ಸೇರಿ ತತ್ವಪದ ಹಾಡುವ ಕೂಟವನ್ನು ನಡೆಸುತ್ತಿದ್ದವರು ಅವರೇ. ನಡುವೆ ಯಾರಾದರೂ ಮೊಬೈಲಿನಲ್ಲಿ ಮಾತಿಗಿಳಿದರೆ ಹಾರ್ಮೋನಿಯಂ ನಿಲ್ಲಿಸಿ, “ಹೊರಗ ಹೋಗಿ ಮಾತು ಮುಗಿಸ್ಕೊಂಡು ಬಾರವ್ವಾ, ಅಲ್ಲೀತನಾ ಕಾಯ್ತೀವಿ” ಎನ್ನುತ್ತಿದ್ದರು. ಹೋದವಳು ನಾಚಿಕೊಂಡು ಮರಳುತ್ತಿದ್ದಳು.

ಶಿರಹಟ್ಟಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಅತ್ತೆಯ ಮನೆಯಲ್ಲಿ ದನಿಯೆತ್ತಿ ಮಾತಾಡಿದವಳೇ ಅಲ್ಲ. ಗಿರಿಜಕ್ಕ ನನ್ನನ್ನು ಕೆಲವು ಕೂಟಗಳಲ್ಲಿ ಸುಮ್ಮನೆ ಪಕ್ಕಕ್ಕೆ ಕೂರಿಸಿಕೊಂಡರು. ಒಂದು ದಿನ, “ಇವತ್ತು ನೀ ಹಾಡು” ಎಂದರು. ಕಣ್ಣು ಮುಚ್ಚಿ ಶುರುಮಾಡಿದೆ. ಎರಡನೇ ಸಾಲಿಗೇ ದನಿ ಒಡೆಯಿತು. ಕೂಟ ನಡೆಯುತ್ತಿದ್ದ ಸಭಾಂಗಣದ ಮಾಲೀಕರಾದ ಸಾಹುಕಾರರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. “ಎಮ್ಮಿ ಒದರಿದಂಗ ಆತಲ್ಲ!” ಎಂದು ಗಹಗಹಿಸಿದರು. ನಾನು ಹಾಡು ನಿಲ್ಲಿಸಿಬಿಟ್ಟೆ.

ಗಿರಿಜಕ್ಕ ಎದ್ದುಹೋಗಿ ಅವರ ಮುಂದೆ ನಿಂತರು.

“ಸಾಹುಕಾರ್ರ, ನೀವು ಹೊರಗ ನಡೀರಿ.”

“ಜಾಗಾ ನಂದೈತಿ.”

“ಜಾಗಾ ನಿಮ್ಮದು, ಖರೆ. ಕೂಟ ನಮ್ಮದು. ಹಾಡೋರನ್ನ ಆಡಿಕೊಳ್ಳೋರು ಇದರಾಗ ಕುಂಡ್ರಾಂಗಿಲ್ಲ. ಏಳ್ರಿ.”

ದನಿ ಅದೇ, ಮೆತ್ತಗೆ. ಸಾಹುಕಾರರು ಕುರ್ಚಿ ಒದ್ದು ಹೋದರು. ನಾನು ಹಾಡು ಮುಗಿಸಿದೆ.

ಮುಂದಿನ ಅಮಾವಾಸ್ಯೆಗೆ ಹೋದಾಗ ಬಾಗಿಲಿಗೆ ಬೀಗ ಬಿದ್ದಿತ್ತು. “ಅಕ್ಕಾ, ನೀವು ಒಂದು ಮಾತು ನುಂಗಿದ್ರ ಜಾಗಾ ಉಳೀತಿತ್ತು” ಎಂದು ಯಾರೋ ಗೊಣಗಿದರು.

“ಜಾಗಾ ಉಳೀತಿತ್ತವ್ವಾ. ಈ ಹುಡುಗಿ ಮತ್ತ ಬಾಯಿ ತಗೀತಿದ್ಲೇನು?” ಎಂದ ಗಿರಿಜಕ್ಕ ತಾವು ತಂದಿದ್ದ ಹಾರ್ಮೋನಿಯಂ ಎತ್ತಿಕೊಂಡು ತಮ್ಮ ಮನೆಯತ್ತ ನಡೆದೇಬಿಟ್ಟರು. ಆಮೇಲೆ ವರ್ಷಗಟ್ಟಲೆ ನಾವು ಹಾಡಿದ್ದು ಅವರ ಅಂಗಳದಲ್ಲೇ. ಬಿಸಿಲು ಸರಿದಂತೆ ಚಾಪೆಗಳೂ ಗೋಡೆಯತ್ತ ಸರಿಯುತ್ತಿದ್ದವು.

ವಯಸ್ಸಾದಂತೆ ಅವರ ಕಿವಿ ಮಂದವಾಗಿ, ಕಡೆಗೆ ಪೂರಾ ಹೋಯಿತು. ಮುಂಡರಗಿಯ ತಂಗಿ ಅವರನ್ನು ತನ್ನಲ್ಲಿಗೆ ಕರೆದೊಯ್ಯಲು ಬಂದಳು. ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದೆ. ಆ ಗದ್ದಲದಲ್ಲಿ ನನ್ನ ಕೈ ಹಿಡಿದು, “ಹಾಡು” ಎಂದರು. ಯಾರಿಗಾಗಿ ಹಾಡಲಿ ಎಂದು ತಡವರಿಸಿದೆ. ಅವರು ಎರಡು ಬೆರಳನ್ನು ನನ್ನ ಗಂಟಲ ಮೇಲಿಟ್ಟು ಕಣ್ಣು ಮುಚ್ಚಿದರು. ಹಾಡಿದೆ. ಸುತ್ತಲಿನವರು ತಿರುಗಿ ನೋಡಿದರು, ಕಂಡಕ್ಟರ್ ಸೀಟಿ ಊದಿದ. ಪದ ಮುಗಿಯುವವರೆಗೂ ಗಿರಿಜಕ್ಕ ಬೆರಳು ತೆಗೆಯಲಿಲ್ಲ.

“ಆತು, ಸ್ವರ ನೆಟ್ಟಗ ಕುಂತೈತಿ” ಎಂದು ಬಸ್ಸು ಹತ್ತಿದರು.

ಆ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡ ಖಬರ ಮುಂಡರಗಿಯಿಂದ ಬಂತು. ಈಗಲೂ ಹಾಡಲು ಕೂತರೆ, ಬಾಯಿ ತೆರೆಯುವ ಮುನ್ನ, ನನ್ನ ಗಂಟಲು ಆ ಬೆರಳಿಗಾಗಿ ಕಾಯುತ್ತದೆ.