ಅಳದ ಮಗು

ಕೇರಳದ ಕಣ್ಣೂರಿಗೆ ಬಂದ ಮೊದಲ ವಾರದಲ್ಲೇ, ನಮಗೆ ಬಾಡಿಗೆಗೆ ಮನೆ ಕೊಟ್ಟಿದ್ದ ಶಾಂತೇಚ್ಚಿ ನನ್ನ ಮಗಳನ್ನು ಬಹಳ ಹೊತ್ತು ನೋಡುತ್ತ ನಿಂತು ಕೇಳಿದರು: “ಈ ಕುಟ್ಟಿ ಎಂದಾ ಕರಯಾತ್ತೆ?” ಏಚ್ಚಿ ಎಂದರೆ ಆ ಕಡೆ ಅಕ್ಕ, ಕುಟ್ಟಿ ಎಂದರೆ ಮಗು. ಅಷ್ಟು ಕಲಿತಿದ್ದೆ. ಉಳಿದದ್ದು ತಿಳಿಯದೆ ಸುಮ್ಮನೆ ನಕ್ಕೆ. ಮಲಯಾಳಿಗಳ ಜೊತೆ ಕೆಲಸ ಮಾಡಿ ಮೊದಲೇ ಮಾತು ಕಲಿತಿದ್ದ ನಮ್ಮ ಯಜಮಾನರು ಸಂಜೆ ಬಂದ ಮೇಲೆ ಬಿಡಿಸಿ ಹೇಳಿದರು. ಈ ಮಗು ಯಾಕೆ ಅಳುವುದಿಲ್ಲ ಎಂದು ಆಕೆ ಕೇಳಿದ್ದರು.

ಊರಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅಲ್ಲಿ ಎಲ್ಲರೂ ಹೊಗಳಿದ್ದರು.

ನಮ್ಮದು ಕೆ.ಆರ್. ನಗರ ತಾಲ್ಲೂಕು, ಹೊಸ ಅಗ್ರಹಾರದ ಹತ್ತಿರ ಒಂದು ಹಳ್ಳಿ. ಸಿಂಚನ ಹುಟ್ಟಿದಾಗ ಅರಿಶಿನ ಬಳಿದಂತೆ ಮೈ ಹಳದಿಯಾಗಿತ್ತು, ಬಹಳ ದಿನ ಇಳಿಯಲಿಲ್ಲ. ಹಾಲಿಗೂ ಎಬ್ಬಿಸಬೇಕು, ಅಂಥ ನಿದ್ದೆ. ಅತ್ತರೂ ಗಂಟಲು ಕಟ್ಟಿದವರ ಹಾಗೆ ಒಂದೆರಡು ಸಲ ಮುಲುಗಿ ಸುಮ್ಮನಾಗುತ್ತಿದ್ದಳು. ನಾಟಿಗೆ ಹೋಗುವಾಗ ಬದುವಿನ ಮೇಲೆ ಮಲಗಿಸಿದರೆ ನಾವು ತಿರುಗಿ ಬರುವತನಕ ಹಾಗೇ ಇರುತ್ತಿದ್ದಳು. ಓರಗೆಯ ಹೆಂಗಸರು ತಮ್ಮ ಮಕ್ಕಳ ಹಟಕ್ಕೆ ಬೇಸತ್ತು ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅತ್ತೆಗೆ ಹೆಮ್ಮೆ. “ಸಾದು ಮಗ ಕಣವ್ವ ಇದು. ಇಂತಾದ್ದು ಯಾರ್ ಮನೇಲಿ ಸಿಗ್ತದೆ?”

ಅವಳು ಕೂರುವುದು ತಡ, ನಿಲ್ಲುವುದು ತಡ. ನಾಲಿಗೆ ಸದಾ ಹೊರಗೆ, ಹೊಕ್ಕುಳು ಉಬ್ಬು, ಮಲ ಕಟ್ಟಿ ಹರಳೆಣ್ಣೆ ಕುಡಿಸದ ವಾರವಿಲ್ಲ. ಬೇಸಿಗೆಯಲ್ಲೂ ಅಂಗಾಲು ತಣ್ಣಗೆ. ಪೇಟೆಯ ಡಾಕ್ಟರರು ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ಹುಣಸೂರಿನ ಕಡೆಯವರೊಬ್ಬರು ಬಾಲಗ್ರಹ ಎಂದು ತಾಯತ ಕಟ್ಟಿದರು. ಅತ್ತೆ ಮಾತ್ರ, “ಇವ್ಳಪ್ಪನೂ ನಿಧಾನಕ್ಕೇ ಮಾತಾಡಿದ್ದು, ಬುಡು,” ಎನ್ನುತ್ತಿದ್ದರು. ಮೂರು ತುಂಬಿದರೂ ಅವಳು ಒಂದು ವರ್ಷದ ಕೂಸಿನ ಅಂಗಿಯನ್ನೇ ತೊಡುತ್ತಿದ್ದಳು.

ಯಜಮಾನರು ಜೆಸಿಬಿ ಓಡಿಸುತ್ತಾರೆ. ರಸ್ತೆ ಕೆಲಸ ಹಿಡಿದ ಮೇಸ್ತ್ರಿಯೊಬ್ಬರು ಕಣ್ಣೂರಿಗೆ ಕರೆದಾಗ ಮೂವರೂ ಹೊರಟೆವು. ಹೊಸ ಊರು ನನಗೆ ಒಗ್ಗಲಿಲ್ಲ. ನಮ್ಮಲ್ಲಿ ಬಾಗಿಲಿಗೆ ಬಾಗಿಲು ತಾಗುವ ಮನೆಗಳು, ಜಗುಲಿಯ ಮೇಲಿಂದಲೇ ಮಾತು. ಅಲ್ಲಿ ಪ್ರತಿ ಮನೆಗೂ ಸುತ್ತ ತೆಂಗು, ಕೆಂಪು ಕಲ್ಲಿನ ಗೋಡೆ, ಒಳಗೆ ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ರಾಗಿ ಸಿಗದೆ ಒದ್ದಾಡಿದೆ. ಅವರ ಬಾಯಲ್ಲಿ ಅದು ಮುತ್ತಾರಿ. ಎಳೆಗೂಸಿಗೆ ಕುರುಕ್ಕ್ ಮಾಡಿ ತಿನ್ನಿಸುತ್ತಾರೆ, ಕುರುಕ್ಕ್ ಎಂದರೆ ಗಟ್ಟಿ ಗಂಜಿ. ನಾವು ದೊಡ್ಡವರು ಅದನ್ನೇ ಮುದ್ದೆ ಕಟ್ಟಿ ನುಂಗುತ್ತೇವೆ ಎಂದರೆ ಶಾಂತೇಚ್ಚಿಗೆ ನಗು. ಹಗಲೆಲ್ಲ ನಾನೂ ಮಗಳೂ ಇಬ್ಬರೇ. ಅವಳು ಮಾತಾಡುವುದಿಲ್ಲ, ನನಗೆ ಮಾತು ಬರುವುದಿಲ್ಲ.

ಆ ಪ್ರಶ್ನೆ ಕೇಳಿದ ಮೇಲೆ ಶಾಂತೇಚ್ಚಿ ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಕೊಡೆ ಹಿಡಿದು ಬಂದು, ಮಗುವನ್ನು ಎತ್ತಿಕೊಳ್ಳುವಂತೆ ಸನ್ನೆ ಮಾಡಿ, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಮಕ್ಕಳ ಡಾಕ್ಟರಮ್ಮ ಮಂಗಳೂರಿನಲ್ಲಿ ಓದಿದವರು, ತುಸು ಕನ್ನಡ ಬರುತ್ತಿತ್ತು. ಸಿಂಚನಳ ನಾಲಿಗೆ, ಹೊಕ್ಕುಳು, ಊದಿದ ಕೆನ್ನೆ ಎಲ್ಲ ಮುಟ್ಟಿ ನೋಡಿದರು. ಆಮೇಲೆ ಅವಳ ಹಿಮ್ಮಡಿ ಹಿಡಿದು, “ಹುಟ್ಟಿದಾಗ ಇಲ್ಲಿ ಸೂಜಿ ಚುಚ್ಚಿ ರಕ್ತ ತೆಗೆದಿದ್ದರಾ?” ಎಂದು ಕೇಳಿದರು.

“ಹಿಮ್ಮಡೀಲಾ? ಇಲ್ಲ ಮೇಡಂ. ಯಾಕೆ?”

ಅವರು ಚೀಟಿ ಬರೆದರು. ಊರಿನಲ್ಲಿ ರಕ್ತ ಪರೀಕ್ಷೆ ಎಂದರೆ ರಕ್ತ ಎಷ್ಟಿದೆ ಎಂದು ನೋಡುವುದು. ಇಲ್ಲಿ ನೋಡಿದ್ದು ಥೈರಾಯ್ಡ್. ವರದಿ ಬಂದಾಗ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಕತ್ತಿನ ಗ್ರಂಥಿಯೊಂದು ಮೈಗೂ ಮಿದುಳಿಗೂ ಬೇಕಾದ ರಸವನ್ನು ಮಾಡುತ್ತದೆ. ನನ್ನ ಮಗಳಿಗೆ ಅದು ಹುಟ್ಟುವಾಗಲೇ ಸರಿಯಾಗಿ ಬೆಳೆದಿರಲಿಲ್ಲ. ಹುಟ್ಟಿದ ಕೂಡಲೇ ಹಿಮ್ಮಡಿಯ ರಕ್ತ ಪರೀಕ್ಷಿಸಿದ್ದರೆ ಆಗಲೇ ತಿಳಿಯುತ್ತಿತ್ತಂತೆ. ಆ ರಸ ಮಾತ್ರೆಯ ರೂಪದಲ್ಲಿ ಸಿಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನಲ್ಲಿ ಅರೆದು ಕೊಡಬೇಕು, ಹಾಲಿನ ಜೊತೆ ಬೇಡ, ರಕ್ತದ ಟಾನಿಕ್ ಬೇರೆ ಹೊತ್ತಿಗೆ. ಮತ್ತೆ ಮತ್ತೆ ರಕ್ತ ನೋಡಿ ಪ್ರಮಾಣ ಬದಲಿಸಬೇಕು. ಜೀವನಪೂರ್ತಿ.

“ಕೊಟ್ಟರೆ ಎಲ್ಲ ಮಕ್ಕಳ ಹಾಗೆ ಆಗ್ತಾಳಾ?” ಎಂದೆ.

ಅವರು ವರದಿಯನ್ನು ಮಡಚಿಟ್ಟರು. “ಶರೀರ ಬೆಳೆಯುತ್ತದೆ. ಮಿದುಳಿಗೆ ಮೊದಲ ತಿಂಗಳುಗಳಲ್ಲೇ ಅದು ಸಿಗಬೇಕಿತ್ತು. ತಪ್ಪಿಹೋದದ್ದು ಪೂರ್ತಿ ಬರುತ್ತದೆ ಎಂದು ಹೇಳಲು ನನಗೆ ಆಗುವುದಿಲ್ಲ, ಸುಧಾ.”

ಮನೆಗೆ ಬರುವ ದಾರಿಯುದ್ದಕ್ಕೂ ಮಳೆಯಲ್ಲಿ ಶಾಂತೇಚ್ಚಿ ಮಗುವಿಗೂ ನನಗೂ ಸೇರಿಸಿ ಕೊಡೆ ಹಿಡಿದರು, ತಾವು ನೆನೆದರು.

ಮಾತ್ರೆ ಹತ್ತಿದ್ದು ಮೊದಲು ಅಂಗಾಲಿನಲ್ಲಿ ತಿಳಿಯಿತು. ಒಂದು ಬೆಳಿಗ್ಗೆ ಹಿಡಿದರೆ ಬೆಚ್ಚಗಿತ್ತು. ಕೆನ್ನೆಯ ಊತ ಇಳಿಯಿತು, ತಲೆಗೂದಲು ಮೆತ್ತಗಾಯಿತು. ನಿದ್ದೆ ಬಿಟ್ಟು ಅಂಗಳದಲ್ಲಿ ಕೋಳಿಯ ಹಿಂದೆ ಹೋಗತೊಡಗಿದಳು. ಆಮೇಲೊಂದು ದಿನ ಶಾಂತೇಚ್ಚಿ ಉಣ್ಣಿಯಪ್ಪ ಕರಿದು ತಂದರು, ನಮ್ಮ ಕಜ್ಜಾಯವನ್ನು ಗುಂಡಗೆ ಮಾಡಿದಂಥ ತಿಂಡಿ. ಬಿಸಿಯಿದೆಯೆಂದು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ. ಸಿಂಚನ ನೆಲಕ್ಕೆ ಬಿದ್ದು ಅತ್ತಳು. ಬಾಯಿ ತೆರೆದು, ಗಂಟಲು ಬಿಚ್ಚಿ, ಇಡೀ ತೋಟಕ್ಕೆ ಕೇಳುವಂತೆ. ಯಜಮಾನರು ಸ್ನಾನ ಮಾಡುತ್ತಿದ್ದವರು ಒದ್ದೆ ಮೈಯಲ್ಲೇ ಓಡಿ ಬಂದರು. ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ. ಮೂವರೂ ಅಲ್ಲೇ ನಿಂತು ಕೇಳಿದೆವು.

ಸಿಂಚನಳಿಗೆ ಈಗ ಆರು ವರ್ಷ. ಎತ್ತರವಾಗಿದ್ದಾಳೆ, ಓಡುತ್ತಾಳೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ನಿಧಾನದ ಮಕ್ಕಳ ಶಾಲೆಗೆ ಹೋಗುತ್ತಾಳೆ. ಅಲ್ಲಿನ ಟೀಚರ್ ಒಂದೊಂದೇ ಪದ ಕಲಿಸಿದ್ದಾರೆ. ಬಾಯಿಗೆ ಬಂದ ಹತ್ತಿಪ್ಪತ್ತು ಪದವೂ ಮಲಯಾಳದ್ದೇ.

ಹೋದ ಬೇಸಿಗೆ ನಾದಿನಿಯ ಹೆರಿಗೆಗೆಂದು ಊರಿಗೆ ಹೋದೆವು. ಮಗಳು ಆಟವಾಡಿ ಬಂದು ಅಜ್ಜಿಯ ಮುಂದೆ ನಿಂತು “ವೆಳ್ಳಂ” ಎಂದಳು. ಅತ್ತೆ ಡಬ್ಬ ತೆಗೆದು ಒಂದು ಅಚ್ಚು ಬೆಲ್ಲ ಕೊಟ್ಟರು. ಅವಳು ಅದನ್ನು ಕೈಯಲ್ಲಿ ಹಿಡಿದು ಮತ್ತೆ “ವೆಳ್ಳಂ” ಎಂದಳು. ಇನ್ನೊಂದು ಅಚ್ಚು ಬಂತು. ಮಗು ಅಳತೊಡಗಿತು.

“ನೀರು ಕೇಳ್ತಾ ಅವಳೆ ಅತ್ತೆ,” ಎಂದೆ.

ಅತ್ತೆ ನೀರು ಕುಡಿಸಿದರು. “ಮೊದ್ಲು ಎಂಗಿದ್ಲು, ತಣ್ಣಗೆ. ಈಗ ಅಳೂ ಮಗ ಮಾಡ್ಕಂಡ್ ಬಂದಿದೀರಿ. ದಿನಾ ಆ ಮಾತ್ರೆ ಯಾಕವ್ವ? ಒಂದಷ್ಟ್ ದಿನ ಬುಟ್ಟು ನೋಡು.” ಬಿಡಬಾರದು ಎಂದಷ್ಟೇ ಹೇಳಿದೆ.

ನಾದಿನಿಗೆ ಗಂಡು ಕೂಸಾಯಿತು. ಹಿಮ್ಮಡಿಯ ರಕ್ತ ತೆಗೆಯುತ್ತೀರಾ ಎಂದು ನಾನೇ ನರ್ಸನ್ನು ಕೇಳಿದೆ. ಈ ಆಸ್ಪತ್ರೆಯಲ್ಲಿ ಈಗ ಎಲ್ಲ ಕೂಸುಗಳಿಗೂ ತೆಗೆಯುತ್ತೇವೆ ಎಂದಳು ಆಕೆ. ಚುಚ್ಚಿದಾಗ ಕೂಸು ಕಿರುಚಿತು, ಅತ್ತೆ ಮುಖ ತಿರುಗಿಸಿಕೊಂಡರು. ಕೆಲವು ದಿನಗಳಲ್ಲಿ ಏನೂ ತೊಂದರೆಯಿಲ್ಲ ಎಂದು ತಿಳಿಸಿದರು. ಮನೆಯಲ್ಲಿ ಪಾಯಸ ಮಾಡಿದೆವು. ನಾನೂ ಬಡಿಸಿದೆ.

ನಾವು ಹೊರಡುವ ದಿನ ಅತ್ತೆ ಹುಣಸೂರು ಬಸ್ಸಿಗೆ ಹತ್ತಿಸಲು ಬಂದರು. ಸಿಂಚನಳ ಕೈ ಹಿಡಿದೇ ನಿಂತಿದ್ದವರು ನನ್ನ ಕಡೆ ನೋಡದೆ ಕೇಳಿದರು.

“ಸುಧಾ, ಆ ಕೂಸಿಗ್ ಚುಚ್ಚಿದ್ರಲ್ಲ, ಅಂಗೆ ಇದ್ಕೂ ಅವತ್ತೇ ಚುಚ್ಚಿದ್ರೆ, ಇದೂ ನಮ್ಮಂಗೇ ಮಾತಾಡ್ತಿತ್ತಾ?”

“ಹೂಂ ಅತ್ತೆ,” ಎಂದೆ.

ಅವರು ಸಿಂಚನಳ ಕೈಯನ್ನು ನನ್ನ ಕೈಗಿಟ್ಟರು. ಬಸ್ಸು ಹೊರಟಿತು. ಹುಣಸೂರಿನಲ್ಲಿ ಬಸ್ಸು ಬದಲಿಸಿ, ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿಯುವಾಗ ಬೋರ್ಡುಗಳ ಅಕ್ಷರ ಬದಲಾದವು. ಮಗಳು ಕಿಟಕಿಗೆ ಮೂಗು ಒತ್ತಿ, “ವೀಡ್,” ಎಂದಳು. ಮನೆ, ಎಂದು. ಅವಳ ಶಾಲೆ, ಅವಳ ಮಾತು ತಿಳಿಯುವವರು ಮುಂದೆ ಇದ್ದರು. ಅವಳನ್ನು ತಮ್ಮವಳೆನ್ನುವ, ಆದರೆ ಅವಳ ಮಾತು ತಿಳಿಯದ ಅಜ್ಜಿ ಹಿಂದೆ ಉಳಿದಿದ್ದರು. ನಾನು ಅವಳಿಗೆ ಹೂಂ ಎಂದೆ, ಕನ್ನಡದಲ್ಲಿ.